ಮಗನ ಮೇಲೆ ತಂದೆಗಿದ್ದ ಗೌರವ

ಕಡೂರಿನಲ್ಲಾಗಲಿ ತರೀಕೆರೆ, ಅಜ್ಜಂಪುರಗಳಲ್ಲಾಗಲಿ ಪರೀಕ್ಷೆಯ ಫಲಿತಾಂಶ ಬಂದ ದಿನ ಒಬ್ಬ ಮಗನ ಅಂಕಗಳನ್ನು ಬೀದಿಗೆಲ್ಲ ಹೇಳುತ್ತೇವೆ, ಇನ್ನೊಬ್ಬನ ಹೆಸರೆತ್ತುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೆಯೇ ಆಗಿದ್ದರೆ ಗುಲ್ಬರ್ಗದ ಒಬ್ಬ ತಂದೆಯ ಕಡೆಗೆ ಸ್ವಲ್ಪ ನೋಡಿರಿ.

ಹಝ್ರತ್ ಖ್ವಾಜಾ ಬಂದೇ ನವಾಝ್(ರ) 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ಹಝ್ರತ್ ನಸೀರುದ್ದೀನ್ ಚಿರಾಗ್ ದೆಹ್ಲವಿ(ರ)ಯವರ ಶಿಷ್ಯರು. 1398ರಲ್ಲಿ ತೈಮೂರನ ದಾಳಿಯಿಂದಾಗಿ ದೆಹಲಿ ಬಿಟ್ಟು ದಕ್ಷಿಣಕ್ಕೆ ಹೊರಟಾಗ ಅವರ ವಯಸ್ಸು ಎಂಬತ್ತರ ಸಮೀಪ. ಆ ಕಾಲದ ಸಭೆಗಳಲ್ಲಿ ಅವರಾಡಿದ ಮಾತುಗಳನ್ನು ಹಿರಿಯ ಮಗ ಸೈಯದ್ ಅಕ್ಬರ್ ಹುಸೈನಿ ಬರೆದಿಟ್ಟರು. ಅದೇ ‘ಜವಾಮಿವುಲ್ ಕಲಿಮ್’. ಈ ಮಗನ ವಿದ್ವತ್ತನ್ನು ತಂದೆ ಬಹಳ ಗೌರವಿಸುತ್ತಿದ್ದರು. ಮಗನನ್ನು ಪ್ರೀತಿಸುವ ತಂದೆಯರು ಬಹಳ, ಗೌರವಿಸುವವರನ್ನು ನೀವು ಎಷ್ಟು ಮಂದಿ ಕಂಡಿದ್ದೀರಿ?

ಅದೇ ಊರಿನಲ್ಲಿ ಇನ್ನೊಬ್ಬ ತಂದೆಯೂ ಇದ್ದ, ಸುಲ್ತಾನ್ ಫಿರೋಝ್ ಷಾ ಬಹಮನಿ. ಆಳುವ ಯೋಗ್ಯತೆಯಿಲ್ಲದ ತನ್ನ ಮಗ ಹಸನನನ್ನು ಉತ್ತರಾಧಿಕಾರಿಯೆಂದು ಸಾರಿ, ಖ್ವಾಜಾರ ಆಶೀರ್ವಾದ ಕೇಳಿದ. ಅವರು ಒಪ್ಪಲಿಲ್ಲ. ಸಿಟ್ಟಾದ ಸುಲ್ತಾನ, ಖಾನ್ಕಾಹನ್ನು ಕೋಟೆಯ ಬಳಿಯಿಂದ ದೂರ ಒಯ್ಯುವಂತೆ ಮಾಡಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

1409ರ ಸುಮಾರಿಗೆ ಅಕ್ಬರ್ ಹುಸೈನಿ ತೀರಿಕೊಂಡರು. ತೊಂಬತ್ತರ ಅಂಚಿನ ತಂದೆ ಆ ಮಗನನ್ನು ಮಣ್ಣಿಗೊಪ್ಪಿಸಿ ಮತ್ತೂ ಹದಿಮೂರು ವರ್ಷ ಬಾಳಿದರು. ಆ ವರ್ಷಗಳಲ್ಲಿ ಅವರ ಪಕ್ಕದಲ್ಲಿದ್ದವರು, ಗ್ರಂಥಕ್ಕೆ ಹೆಸರಾದ ಅಣ್ಣನಷ್ಟು ಪ್ರಸಿದ್ಧರಲ್ಲದ ಕಿರಿಯ ಮಗ ಸೈಯದ್ ಅಸ್ಗರ್ ಹುಸೈನಿ. 1422ರಲ್ಲಿ ಫಿರೋಝನ ಮಗನಿಗೆ ಸಿಂಹಾಸನ ಸಿಗಲಿಲ್ಲ, ಅದು ಫಿರೋಝನ ತಮ್ಮ ಅಹ್ಮದನ ಪಾಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಖ್ವಾಜಾ ನಿಧನರಾದರು. ಖಾನ್ಕಾಹಿನ ಹೊಣೆಯನ್ನು ಅಸ್ಗರ್ ಹುಸೈನಿ ಹೊತ್ತರು.