ಸೊಲ್ಲಾಪುರದಿಂದ ಚೀನಾಕ್ಕೆ: ಡಾ. ಕೋಟ್ನಿಸ್ ಹೋದ ದಾರಿ



ನನ್ನ ತವರು ವಿಜಯಪುರ. ಕೆಲಸ ಹಿಡಿದು, ಮದುವೆಯಾಗಿ ಪುಣೆಯಲ್ಲಿ ನೆಲೆಸಿ ಹತ್ತು ವರ್ಷ ದಾಟಿತು. ಊರಿಗೆ ಹೊರಟಾಗಲೆಲ್ಲ ಸೊಲ್ಲಾಪುರ ದಾಟಿಯೇ ಹೋಗಬೇಕು. ಅಲ್ಲಿ ಶೇಂಗಾ ಚಟ್ನಿ ಕಟ್ಟಿಸಿಕೊಳ್ಳುವಾಗ ಅಂಗಡಿಯವರ ಜೊತೆ ಕನ್ನಡದಲ್ಲಿ ಮಾತು ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಸಿದ್ಧರಾಮೇಶ್ವರರ ಈ ಊರು ನಮ್ಮ ಕಡೆಯವರಿಗೆ ಪರಊರು ಅನ್ನಿಸುವುದೇ ಇಲ್ಲ. ಈ ಊರಿನಲ್ಲಿ ಹುಟ್ಟಿದ ಒಬ್ಬ ಡಾಕ್ಟರ್ ಬಗ್ಗೆ ಇಂದು ಬರೆಯಬೇಕೆನ್ನಿಸಿದೆ. ಅದಕ್ಕೆ ಕಾರಣ ನನ್ನ ಅಕ್ಕನ ಮಗಳು.

ಅವಳು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿ, ವಿದೇಶದಲ್ಲಿ ಎರಡು ವಾರ ಸ್ವಯಂಸೇವಕಿಯಾಗಿ ಕೆಲಸ ಮಾಡುವ ಒಂದು ಕಾರ್ಯಕ್ರಮವಿದೆ, ಹೋಗಲೇ ಮೌಶಿ ಎಂದು ಕೇಳಿದಳು. ಶುಲ್ಕ, ವಿಮಾನದ ಖರ್ಚು ನಮ್ಮದೇ. ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರೆ, ಮುಂದೆ ಎಂಎಸ್‌ಗೆ ಅರ್ಜಿ ಹಾಕುವಾಗ ಅನುಕೂಲವಾಗುತ್ತದೆ. ಅಕ್ಕ ಭಾವನಿಗೆ ಖರ್ಚಿನ ಚಿಂತೆ, ಇವಳಿಗೆ ಹೋಗುವ ಆಸೆ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಆಫೀಸಿನಲ್ಲೂ ವರ್ಷಕ್ಕೊಂದು ಸೇವಾ ದಿನವಿದೆ. ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಗುಡ್ಡದ ಮೇಲೆ ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಬರುತ್ತೇವೆ. ಮರುವರ್ಷ ಅದೇ ಗುಡ್ಡಕ್ಕೆ ಹೋದಾಗ ಹಿಂದಿನ ವರ್ಷ ನೆಟ್ಟ ಸಸಿಗಳನ್ನು ಹುಡುಕಿದೆ. ಒಂದೂ ಕಾಣಲಿಲ್ಲ. ನೀರು ಹಾಕುವವರು ಯಾರು ಎಂದು ನಾವ್ಯಾರೂ ಕೇಳಿರಲೇ ಇಲ್ಲ. ಹಾಗಿರುವಾಗ ಹುಡುಗಿಗೆ ಏನು ಹೇಳಲಿ? ಆಗ ನೆನಪಾದವರು ಡಾ. ದ್ವಾರಕಾನಾಥ ಕೋಟ್ನಿಸ್.

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದ ಒಂದು ಸಾಧಾರಣ ಮಧ್ಯಮ ವರ್ಗದ ಮನೆಯಲ್ಲಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ತುಂಬಿದ ದೊಡ್ಡ ಸಂಸಾರ. ಮುಂಬೈಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಮುಂದೆ ಇನ್ನೂ ಹೆಚ್ಚಿನ ಓದು, ಆಮೇಲೆ ಒಳ್ಳೆಯ ಪ್ರಾಕ್ಟೀಸ್. ಅಂಥ ಮನೆಯೊಂದು ತನ್ನ ಡಾಕ್ಟರ್ ಮಗನಿಂದ ಏನು ಬಯಸುತ್ತದೆ ಎಂದು ನಮಗೆಲ್ಲ ಗೊತ್ತೇ ಇದೆ.

1937ರ ಜುಲೈಯಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿತು. ಗಾಯಗೊಂಡವರು ಲೆಕ್ಕವಿಲ್ಲದಷ್ಟು, ಡಾಕ್ಟರುಗಳು ಬೆರಳೆಣಿಕೆಯಷ್ಟು. ಚೀನಾದ ಸೇನಾನಿ ಝು ದೆ ಅವರು ಡಾಕ್ಟರುಗಳನ್ನು ಕಳುಹಿಸುವಂತೆ ಜವಾಹರಲಾಲ್ ನೆಹರೂ ಅವರನ್ನು ಕೇಳಿಕೊಂಡರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಸುಭಾಷ್‌ಚಂದ್ರ ಬೋಸ್. 1938ರಲ್ಲಿ ಅವರು ದೇಶದ ಜನರಿಗೆ ಮನವಿ ಮಾಡಿದರು. ಸುಮಾರು 22,000 ರೂಪಾಯಿ ಸೇರಿತು. ಒಂದು ಆಂಬ್ಯುಲೆನ್ಸ್ ಮತ್ತು ಐವರು ಡಾಕ್ಟರುಗಳು ಹೊರಡುವುದೆಂದು ತೀರ್ಮಾನವಾಯಿತು. ನಾವೇ ಇನ್ನೊಬ್ಬರ ಆಳ್ವಿಕೆಯಲ್ಲಿದ್ದ ಕಾಲ ಅದು. ಆದರೂ ನಮಗೆ ಸ್ವಾತಂತ್ರ್ಯ ಬರಲಿ, ಆಮೇಲೆ ಬೇರೆಯವರ ಕಷ್ಟ ನೋಡೋಣ ಎಂದು ನಮ್ಮ ಹಿರಿಯರು ಸುಮ್ಮನೆ ಕೂರಲಿಲ್ಲ.

ಆ ಐವರು ಅಲಹಾಬಾದಿನ ಡಾ. ಅಟಲ್, ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಹಾಗೂ ನಮ್ಮ ಸೊಲ್ಲಾಪುರದ ಕೋಟ್ನಿಸ್. ಮುಂದಿನ ಓದಿನ ಯೋಜನೆಯನ್ನು ಬದಿಗಿಟ್ಟು ಹೊರಟಾಗ ಕೋಟ್ನಿಸ್‌ಗೆ ಇನ್ನೂ 28 ತುಂಬಿರಲಿಲ್ಲ. 1938ರ ಸೆಪ್ಟೆಂಬರ್ 1ರಂದು ಮುಂಬೈ ಬಂದರಿನಿಂದ ‘ರಾಜಪುತಾನಾ’ ಹಡಗು ಹೊರಟಿತು. ಅದೇ ತಿಂಗಳು ಅವರು ದಕ್ಷಿಣ ಚೀನಾದ ಕ್ಯಾಂಟನ್ ತಲುಪಿದರು.

ಯುದ್ಧದ ನಡುವೆ ಊರಿಂದ ಊರಿಗೆ ಸಾಗುತ್ತ ತಂಡ ಚುಂಗ್‌ಕಿಂಗ್ ಸೇರಿತು. ಅಲ್ಲಿ ಐವರಿಗೂ ಚೀನೀ ಹೆಸರುಗಳು ಬಂದವು. ಐದೂ ಹೆಸರುಗಳ ಕೊನೆಗೆ ಚೀನಾ ಎಂಬ ಅರ್ಥದ ‘ಹುವಾ’ ಸೇರಿಕೊಂಡಿತು. ಕೋಟ್ನಿಸ್ ‘ಕೆ ದಿಹುವಾ’ ಆದರು. ಅಲ್ಲಿನ ಜನ ಇಂದಿಗೂ ಅವರನ್ನು ಕರೆಯುವುದು ಇದೇ ಹೆಸರಿನಿಂದ.

ಚೀನಾದಲ್ಲಿದ್ದಾಗಲೇ ಸೊಲ್ಲಾಪುರದಿಂದ ತಂದೆ ತೀರಿಕೊಂಡ ಸುದ್ದಿ ಬಂತು. ದೂರದ ಊರಿನಲ್ಲಿರುವ ನಮಗೆಲ್ಲ ಒಳಗೊಳಗೇ ಇರುವ ಭಯ ಇದೇ ಅಲ್ಲವೇ? ನಾವಾದರೆ ಅರ್ಧ ರಾತ್ರಿಯಲ್ಲೂ ಬಸ್ಸು ಹಿಡಿದು ಹೊರಡುತ್ತೇವೆ. ಕೋಟ್ನಿಸ್ ಊರಿಗೆ ಮರಳಲಿಲ್ಲ. ಒಪ್ಪಿಕೊಂಡ ಕೆಲಸ ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡದ ಜೊತೆ ಯೆನಾನ್ ತಲುಪಿ, ಅಲ್ಲಿನ ಎಂಟನೇ ಮಾರ್ಗ ಸೇನೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಈ ನಿರ್ಧಾರ ಸರಿಯೋ ತಪ್ಪೋ ಎಂದು ಹೇಳಲು ನನಗೆ ಧೈರ್ಯವಿಲ್ಲ. ಅದರ ಬೆಲೆಯನ್ನು ಅವರೊಬ್ಬರೇ ತೆತ್ತಿದ್ದಲ್ಲ, ಸೊಲ್ಲಾಪುರದ ಆ ಮನೆಯೂ ತೆತ್ತಿತು ಎಂಬುದನ್ನು ಮಾತ್ರ ಮರೆಯಬಾರದು.

ಡಾ. ಚೋಳ್ಕರ್, ಡಾ. ಮುಖರ್ಜಿ, ಆಮೇಲೆ ಡಾ. ಅಟಲ್ ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು. ಕೋಟ್ನಿಸ್ ಮತ್ತು ಬಸು ಉತ್ತರ ಚೀನಾದ ಬೆಟ್ಟಗಾಡಿನ ಯುದ್ಧರಂಗಕ್ಕೆ ಹೊರಟರು. ಅಲ್ಲಿ ಅವರಿಗಿಂತ ಮೊದಲು ಕೆನಡಾದ ಸರ್ಜನ್ ಡಾ. ನಾರ್ಮನ್ ಬೆಥ್ಯೂನ್ ಸೇವೆ ಮಾಡುತ್ತಿದ್ದರು. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್‌ನಲ್ಲಿ ಬೆಥ್ಯೂನ್ ತೀರಿಕೊಂಡಿದ್ದರು. ಬಸು ಮುಂದೆ ಯೆನಾನ್‌ಗೆ ಹಿಂದಿರುಗಿದರು. ಕೋಟ್ನಿಸ್ ಬೆಟ್ಟಗಳ ನಡುವೆಯೇ ಉಳಿದರು.

1940ರ ಒಂದು ಕದನದ ಸಮಯದಲ್ಲಿ ಹದಿಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿಕೊಂಡರು, ಒಮ್ಮೆ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರು ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಬೇರೆ ಎರಡು ಸಂಗತಿಗಳು.

ಮೊದಲನೆಯದು, ಅವರು ಚೀನೀ ಭಾಷೆ ಕಲಿತರು. ಮಾತನಾಡುವಷ್ಟು ಮಾತ್ರವಲ್ಲ, ಓದಿ ಬರೆಯುವಷ್ಟು. ಗಾಯಗೊಂಡು ನರಳುವ ಹಳ್ಳಿಯ ಹುಡುಗ ಎಲ್ಲಿ ನೋವು ಎಂದು ತನ್ನ ಮಾತಿನಲ್ಲೇ ಹೇಳಬಹುದಿತ್ತು, ಡಾಕ್ಟರಿಗೆ ಅರ್ಥವಾಗುತ್ತಿತ್ತು. ಮರಾಠಿ ಬಾರದ ಹೊಸದರಲ್ಲಿ ಪುಣೆಯ ಆಸ್ಪತ್ರೆಯಲ್ಲಿ ಕೂತು ನಮ್ಮ ನೋವನ್ನು ಕೈಸನ್ನೆಯಲ್ಲಿ ವಿವರಿಸಿದ ಯಾರಿಗೂ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು, ಅವರು ಕಲಿಸಿದರು. ಬೆಥ್ಯೂನ್ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ಪಾಠ ಮಾಡಿದರು. 1941ರಲ್ಲಿ ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮೊದಲ ನಿರ್ದೇಶಕರಾದರು. ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡವಲ್ಲ, ಹಳ್ಳಿಯ ಮನೆಗಳಲ್ಲಿ ನಡೆಯುತ್ತಿದ್ದದ್ದು. ಔಷಧಿಗೂ ಉಪಕರಣಕ್ಕೂ ಸದಾ ಕೊರತೆ. ಅಂಥದ್ದರಲ್ಲೇ ಅಲ್ಲಿನ ಯುವಕರನ್ನು ಡಾಕ್ಟರುಗಳಾಗಿ ತಯಾರು ಮಾಡಿದರು, ಅವರಿಗಾಗಿ ಚೀನೀ ಭಾಷೆಯಲ್ಲೇ ಶಸ್ತ್ರಚಿಕಿತ್ಸೆಯ ಪಠ್ಯ ಬರೆಯಲು ಕೂತರು. ತಾನು ಇಲ್ಲದಿದ್ದರೂ ಕೆಲಸ ನಿಲ್ಲಬಾರದು ಎಂಬ ಎಚ್ಚರ ಅದು. ಗುಡ್ಡದ ಮೇಲೆ ಸಸಿ ನೆಟ್ಟು ಬಂದ ನಮಗಿಲ್ಲದಿದ್ದ ಎಚ್ಚರ.

ಕಲಿಕೆ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ. ಅಲ್ಲಿನವರ ಬದುಕು, ಅವರ ರಾಜಕೀಯ ನಂಬಿಕೆಗಳು ಅವರನ್ನೂ ಬದಲಿಸಿದವು. 1942ರಲ್ಲಿ ಅವರು ಚೀನಾದ ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. 1943ರಲ್ಲಿ ಭಾರತಕ್ಕೆ ಮರಳಿದ ಡಾ. ಬಸು ಮುಂದೊಂದು ದಿನ ಚೀನಾದ ಅಕ್ಯುಪಂಕ್ಚರ್ ಪದ್ಧತಿಯನ್ನು ನಮ್ಮ ದೇಶಕ್ಕೆ ತಂದು ಹರಡಿದರು. ಕೊಡಲು ಹೋದವರು ಕಲಿತೂ ಬದಲಾದರು.

ಇನ್ನು ಗುವೋ ಚಿಂಗ್‌ಲಾನ್ ಬಗ್ಗೆ ಹೇಳದಿದ್ದರೆ ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಈ ಬರಹ ಅಪೂರ್ಣ. ನರ್ಸಿಂಗ್ ಓದಿ, ಯುದ್ಧಕಾಲದಲ್ಲಿ ಅದೇ ಬೆಟ್ಟಗಾಡಿಗೆ ತಾವಾಗಿಯೇ ಸೇವೆಗೆ ಬಂದ ಹೆಣ್ಣುಮಗಳು ಆಕೆ. ಬೆಥ್ಯೂನ್ ಸಮಾಧಿಯ ಉದ್ಘಾಟನೆಯ ದಿನ ಆಕೆ ಕೋಟ್ನಿಸ್‌ರನ್ನು ಮೊದಲು ಕಂಡರು. ಈ ಭಾರತೀಯ ಡಾಕ್ಟರ್ ತಮ್ಮ ಭಾಷೆಯಲ್ಲಿ ಮಾತನಾಡುವುದನ್ನು ಕೇಳಿ ಬೆರಗಾದರು. 1941ರ ಕೊನೆಯಲ್ಲಿ ಮದುವೆಯಾಯಿತು. 1942ರ ಆಗಸ್ಟ್ 23ರಂದು ಮಗ ಹುಟ್ಟಿದ. ಅವನಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ.

ಆ ಹೊತ್ತಿಗಾಗಲೇ ಕೋಟ್ನಿಸ್ ಆರೋಗ್ಯ ಕುಸಿದಿತ್ತು. ಅಪಸ್ಮಾರದ ಸೆಳೆತಗಳು ಪದೇಪದೇ ಬರುತ್ತಿದ್ದವು. ವಿಶ್ರಾಂತಿ ಬೇಕಿತ್ತು, ತೆಗೆದುಕೊಳ್ಳಲಿಲ್ಲ. 1942ರ ಡಿಸೆಂಬರ್ 9ರಂದು ತೀರಿಕೊಂಡರು. ವಯಸ್ಸು 32. ಪಠ್ಯಪುಸ್ತಕದ ಕೆಲಸ ಅರ್ಧಕ್ಕೇ ನಿಂತಿತ್ತು. ಮಗುವಿಗೆ ಮೂರೂವರೆ ತಿಂಗಳು.

1946ರಲ್ಲಿ ವಿ. ಶಾಂತಾರಾಮ್ ಅವರು ‘ಡಾ. ಕೋಟ್ನಿಸ್ ಕಿ ಅಮರ್ ಕಹಾನಿ’ ಎಂಬ ಸಿನಿಮಾ ಮಾಡಿ, ತಾವೇ ಕೋಟ್ನಿಸ್ ಪಾತ್ರ ವಹಿಸಿದರು. ನಮ್ಮ ಅಜ್ಜಿ ತಾತಂದಿರ ಕಾಲದವರಿಗೆ ಈ ಹೆಸರು ಪರಿಚಯವಾಗಿದ್ದು ಹೀಗೆ. ಆದರೆ ನಿಜ ಜೀವನದ ಕಥೆ ಸಿನಿಮಾದ ಜೊತೆ ಮುಗಿಯಲಿಲ್ಲ. ಮಗ ಯಿನ್‌ಹುವಾ ತಂದೆಯಂತೆ ವೈದ್ಯಕೀಯ ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡ. ನಡುವೆ 1962ರ ಯುದ್ಧವೂ ಬಂದು ಎರಡು ದೇಶಗಳ ಸ್ನೇಹ ಹದಗೆಟ್ಟಿತ್ತು. ಆದರೂ ಗುವೋ ಚಿಂಗ್‌ಲಾನ್ ಕೋಟ್ನಿಸ್ ಮನೆಯವರ ಸಂಬಂಧ ಬಿಡಲಿಲ್ಲ, ಹಲವು ಬಾರಿ ಭಾರತಕ್ಕೆ ಬಂದುಹೋದರು. 2012ರಲ್ಲಿ, 96ರ ವಯಸ್ಸಿನಲ್ಲಿ, ಆಕೆ ಕಣ್ಣುಮುಚ್ಚಿದರು. ಗಂಡನ ಜೊತೆ ಬಾಳಿದ್ದು ಒಂದು ವರ್ಷ, ಆ ನಂಟನ್ನು ಕಾಪಾಡಿದ್ದು ಎಪ್ಪತ್ತು ವರ್ಷ.

ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಕೋಟ್ನಿಸ್ ಪ್ರತಿಮೆಯಿದೆ. ಅದೇ ನಗರದಲ್ಲಿ ಅವರ ಹೆಸರಿನ ವೈದ್ಯಕೀಯ ಶಾಲೆ ಇದೆ. ಚೀನಾದ ನಾಯಕರು ಭಾರತಕ್ಕೆ ಬಂದಾಗ ಅವರ ಮನೆಯವರನ್ನು ಭೇಟಿಯಾಗುವುದನ್ನು ಒಂದು ರೂಢಿಯನ್ನಾಗಿ ಮಾಡಿಕೊಂಡಿದ್ದರು. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ.

ಈ ಕಥೆಯನ್ನೆಲ್ಲ ನಾನು ಅಕ್ಕನ ಮಗಳಿಗೆ ಫೋನಿನಲ್ಲೇ ಹೇಳಿದೆ. ಎರಡು ವಾರಕ್ಕೆ ಹೋಗುವವಳು ಕೋಟ್ನಿಸ್ ಆಗಬೇಕಿಲ್ಲ, ಯಾರೂ ಪ್ರಾಣ ಕೊಡಬೇಕಿಲ್ಲ. ಇಂದು ವಿಶ್ವನಾಗರಿಕತೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮುದ್ರೆ ಬಿದ್ದಷ್ಟಕ್ಕೇ ಯಾರೂ ವಿಶ್ವನಾಗರಿಕರಾಗುವುದಿಲ್ಲ. ಕೋಟ್ನಿಸ್ ಕರೆ ಬಂದ ಮೇಲೆ ಹೋದರು, ಹೋದ ಮೇಲೆ ಅಲ್ಲಿನವರ ಮಾತು ಕಲಿತರು, ತಮ್ಮ ನಂತರವೂ ಕೆಲಸ ನಡೆಯುವಂತೆ ನೋಡಿಕೊಂಡರು. ಹಾಗಾಗಿ ದುಡ್ಡು ಕಟ್ಟುವ ಮೊದಲು ಆ ಸಂಸ್ಥೆಗೆ ಮೂರು ಪ್ರಶ್ನೆ ಕೇಳು ಎಂದೆ. ನಾವು ಬರಬೇಕೆಂದು ಆ ಊರಿನವರು ಕೇಳಿದ್ದಾರೆಯೇ? ಅವರ ಭಾಷೆ ಕಲಿಯಲು ಏನು ವ್ಯವಸ್ಥೆ ಇದೆ? ನಾವು ಬಂದುಬಿಟ್ಟ ಮೇಲೆ ಆ ಕೆಲಸ ಮುಂದುವರಿಸುವವರು ಯಾರು?

ಅವಳು ಇಮೇಲ್ ಬರೆದಳು. ಭಾಷೆಯ ಪ್ರಶ್ನೆಗೆ ಉತ್ತರ ಬಂದಿದೆ, ಆನ್‌ಲೈನ್ ತರಗತಿ ಇದೆಯಂತೆ, ಅವಳು ಸೇರಿಕೊಂಡಿದ್ದಾಳೆ. ಉಳಿದೆರಡಕ್ಕೆ ಇನ್ನೂ ಕಾಯುತ್ತಿದ್ದಾಳೆ. ಉತ್ತರ ಬರದಿದ್ದರೆ ಹೋಗುವುದಿಲ್ಲ ಎಂದು ಅವಳೇ ತೀರ್ಮಾನಿಸಿದ್ದಾಳೆ. ನಾನೂ ಈ ವರ್ಷದ ಸೇವಾ ದಿನಕ್ಕೆ ಹೆಸರು ಕೊಡುವ ಮೊದಲು ನೀರು ಹಾಕುವವರು ಯಾರು ಎಂದು ಆಫೀಸಿನಲ್ಲಿ ಕೇಳಿದ್ದೇನೆ.

ಮುಂದಿನ ಸಲ ಊರಿಗೆ ಹೋಗುವಾಗ ಚಟ್ನಿ ಕಟ್ಟಿಸಿಕೊಂಡು ಹಾಗೇ ಮುಂದೆ ಹೋಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮನೆ ನೋಡಿ ಬರುತ್ತೇನೆ. ಆ ದಾರಿಯಲ್ಲಿ ಓಡಾಡುವ ನೀವೂ ಒಮ್ಮೆ ಇಳಿದು ನೋಡಿ.