ಮಿಮಾರ್ ಸಿನಾನ್: ಕಲ್ಲಿನ ಸಂದಿಗೆ ಸೀಸ ಎರೆದವರು

ಕಲಿಯಲು ತಡವಾಯಿತೆಂದು ಕೊರಗುತ್ತಿದ್ದೀರಾ? ಹಾಗಾದರೆ ಸಿನಾನರ ಬದುಕನ್ನೊಮ್ಮೆ ನೋಡಿ.

ಸುಮಾರು 1490ರಲ್ಲಿ ತುರ್ಕಿಯ ಕೈಸೇರಿ ಬಳಿಯ ಹಳ್ಳಿಯೊಂದರ ಕ್ರೈಸ್ತ ಕುಟುಂಬದಲ್ಲಿ ಅವರು ಜನಿಸಿದರು. ಯೌವನದಲ್ಲಿ ಇಸ್ಲಾಂ ಸ್ವೀಕರಿಸಿ ಉಸ್ಮಾನಿ ಸುಲ್ತಾನರ ಸೈನಿಕರಾದರು. ದಂಡಯಾತ್ರೆಗಳಲ್ಲಿ ಸೇತುವೆ ಕಟ್ಟುತ್ತಲೇ ಕಟ್ಟಡ ವಿದ್ಯೆ ಕಲಿತರು. ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾದಾಗ ಅವರಿಗೆ ಐವತ್ತರ ಹತ್ತಿರದ ವಯಸ್ಸು.

1509ರ ಭೂಕಂಪ ಇಸ್ತಾಂಬುಲ್‌ನ ಎಷ್ಟೋ ಮಸೀದಿ, ಮನೆಗಳನ್ನು ಕೆಡವಿತ್ತು. ಅದೇ ನೆಲದಲ್ಲಿ ಸಿನಾನ್ 1550ರಿಂದ 1557ರವರೆಗೆ ಸುಲೈಮಾನಿಯಾ ಮಸೀದಿ ಕಟ್ಟಿದರು. ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದು, ಸಂದಿಗೆ ಕರಗಿದ ಸೀಸ ಎರೆಯುವುದು ಆ ಕಾಲದ ಪದ್ಧತಿ. ಸೀಸ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಮೆದು ಲೋಹವಾದ್ದರಿಂದ ನೆಲ ಅಲುಗಿದಾಗ ಒಡೆಯದೆ ಮಣಿಯುತ್ತದೆ. ಹಾಗೆ ಮಣಿಯುವಾಗ ಕಂಪನದ ಶಕ್ತಿ ಶಾಖವಾಗಿ ಕಳೆಯುತ್ತದೆ. 1970ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ರಾಬಿನ್ಸನ್ ಇದೇ ಗುಣವನ್ನು ಬಳಸಿ, ಕಟ್ಟಡದ ಬುಡದಲ್ಲಿ ಇಡುವ ಸೀಸ-ರಬ್ಬರಿನ ಆಧಾರಗಳನ್ನು ರೂಪಿಸಿದರು.

ಸಿನಾನ್ 1588ರಲ್ಲಿ ತೀರಿಕೊಂಡರು. 1766ರ ಭೂಕಂಪದಲ್ಲಿ ಪೆಟ್ಟು ತಿಂದ ಮಸೀದಿ ದುರಸ್ತಿಗೊಂಡು ಇಂದಿಗೂ ನಿಂತಿದೆ. ಆದರೆ 1999ರಲ್ಲಿ ವಾಯವ್ಯ ತುರ್ಕಿಯಲ್ಲಿ ಕಳಪೆಯಾಗಿ ಕಟ್ಟಿದ ಎಷ್ಟೋ ಹೊಸ ಮನೆಗಳು ಕುಸಿದವು. 17 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ನಾಳೆ ನೀವು ಯಾವ ಕೆಲಸವನ್ನೇ ಹಿಡಿಯಿರಿ, ಕಣ್ಣಿಗೆ ಕಾಣದ ಸಂದಿಯಲ್ಲೂ ಪ್ರಾಮಾಣಿಕರಾಗಿರಿ.