ಫರ್ನಾಂಡೊ ಸೋರ್

ಫರ್ನಾಂಡೊ ಸೋರ್ (ದೀಕ್ಷಾಸ್ನಾನ: ೧೪ ಫೆಬ್ರವರಿ ೧೭೭೮, ಬಾರ್ಸಿಲೋನಾ – ನಿಧನ: ೧೦ ಜುಲೈ ೧೮೩೯, ಪ್ಯಾರಿಸ್) ಸ್ಪೇನ್ ದೇಶದ ಗಿಟಾರ್ ವಾದಕರು, ಸಂಗೀತ ರಚನಕಾರರು ಮತ್ತು ಶಿಕ್ಷಕರು. ಒಪೆರಾ, ಬ್ಯಾಲೆ, ಗಾಯನ ಹಾಗೂ ಪಿಯಾನೊ ಕೃತಿಗಳನ್ನೂ ರಚಿಸಿದ ಇವರು ಇಂದು ಮುಖ್ಯವಾಗಿ ಗಿಟಾರ್ ಕೃತಿಗಳಿಂದ ಪ್ರಸಿದ್ಧರಾಗಿದ್ದಾರೆ. ರಾಜಕೀಯ ಕಾರಣಗಳಿಂದ ೧೮೧೩ರಲ್ಲಿ ತಾಯ್ನಾಡನ್ನು ತೊರೆದ ಸೋರ್ ಮತ್ತೆ ಅಲ್ಲಿಗೆ ಮರಳಲಿಲ್ಲ. ಪ್ಯಾರಿಸ್, ಲಂಡನ್ ಮತ್ತು ಮಾಸ್ಕೋ ನಗರಗಳಲ್ಲಿ ಕಳೆದ ಅವರ ಮುಂದಿನ ಬದುಕು ವಿವಿಧ ದೇಶಗಳ ವಾದಕರು, ವಾದ್ಯ ತಯಾರಕರು ಮತ್ತು ಶಿಷ್ಯರೊಡನೆ ಬೆಳೆದ ಸ್ನೇಹದಿಂದ ರೂಪುಗೊಂಡಿತು.

ಬಾಲ್ಯ ಮತ್ತು ಶಿಕ್ಷಣ

ಸೋರ್ ಜನಿಸಿದ್ದು ಸ್ಪೇನಿನ ಈಶಾನ್ಯ ಭಾಗವಾದ ಕ್ಯಾಟಲೋನಿಯಾದ ಬಾರ್ಸಿಲೋನಾ ನಗರದಲ್ಲಿ. ತಂದೆಯ ಮರಣಾನಂತರ ಅವರಿಗೆ ಮೊನ್ಸೆರಾತ್ ಬೆಟ್ಟದ ಮೇಲಿರುವ ಮಠದ ಗಾಯನಶಾಲೆಯಲ್ಲಿ ಪ್ರವೇಶ ದೊರೆಯಿತು. ಅಲ್ಲಿ ಆನ್ಸೆಲ್ಮ್ ವಿಯೋಲಾ ಎಂಬ ಸಂನ್ಯಾಸಿ ಗುರುಗಳಿಂದ ಸಂಗೀತ ಶಾಸ್ತ್ರವನ್ನೂ ರಚನಾಕ್ರಮವನ್ನೂ ಕಲಿತರು. ಹಲವು ಧ್ವನಿಗಳು ಒಟ್ಟಾಗಿ ಸಾಗುವ ಚರ್ಚ್ ಗಾಯನದ ಈ ಶಿಕ್ಷಣವು ಅವರ ಗಿಟಾರ್ ಕೃತಿಗಳ ಮೇಲೆ ಗಾಢವಾದ ಪ್ರಭಾವ ಬೀರಿತು. ಮಠವನ್ನು ಬಿಟ್ಟ ಬಳಿಕ ಬಾರ್ಸಿಲೋನಾದಲ್ಲಿ ಸೈನಿಕ ಶಿಕ್ಷಣ ಪಡೆದರು. ೧೭೯೭ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಚಿಸಿದ ಟೆಲಿಮಾಕಸನ ಕಥೆಯನ್ನಾಧರಿಸಿದ ಒಪೆರಾ ಬಾರ್ಸಿಲೋನಾದಲ್ಲಿ ಪ್ರದರ್ಶನಗೊಂಡಿತು. ಅನಂತರ ಮ್ಯಾಡ್ರಿಡ್‌ಗೆ ತೆರಳಿ ಆಲ್ಬಾದ ಡಚೆಸ್ ಅವರ ಆಶ್ರಯ ಪಡೆದರು.

ಆ ಕಾಲದ ಸ್ಪೇನಿನಲ್ಲಿ ಗಿಟಾರ್ ಬಹುಮಟ್ಟಿಗೆ ಹಾಡಿಗೆ ಜೊತೆ ನೀಡುವ ವಾದ್ಯವಾಗಿತ್ತು. ಸೋರ್ ಅದನ್ನು ಬೇರೆ ಬಗೆಯಲ್ಲಿ ಕಂಡುಕೊಳ್ಳಲು ಇಟಲಿ ಮೂಲದ ಫೆದೆರಿಕೊ ಮೊರೆಟ್ಟಿ ಕಾರಣರಾದರು. ಸ್ಪೇನಿನ ಸೇನೆಯಲ್ಲಿ ಅಧಿಕಾರಿಯಾಗಿದ್ದ ಮೊರೆಟ್ಟಿಯವರ ಕೃತಿಯೊಂದನ್ನು ಮತ್ತೊಬ್ಬ ವಾದಕರು ನುಡಿಸಿದಾಗ, ರಾಗದ ಎಳೆಯೂ ಅದರ ಜೊತೆಯ ಸ್ವರಗಳೂ ಬೇರೆ ಬೇರೆಯಾಗಿ ಕೇಳಿಸುವುದನ್ನು ಸೋರ್ ಗಮನಿಸಿದರು. ಗಿಟಾರಿನ ಬಗೆಗಿನ ತಮ್ಮ ಆಲೋಚನೆ ಅಲ್ಲಿಂದಲೇ ಬದಲಾಯಿತೆಂದು ಅವರು ಮುಂದೆ ತಮ್ಮ ಗ್ರಂಥದಲ್ಲಿ ಸ್ಮರಿಸಿದ್ದಾರೆ.

ಯುದ್ಧ ಮತ್ತು ದೇಶತ್ಯಾಗ

೧೮೦೮ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸಿದಾಗ ಸೋರ್ ದೇಶಭಕ್ತಿಯ ಗೀತೆಗಳನ್ನು ರಚಿಸಿದರು. ಆದರೆ ಫ್ರೆಂಚರ ಆಳ್ವಿಕೆ ನೆಲೆಗೊಂಡ ಮೇಲೆ ಅದೇ ಆಡಳಿತದಲ್ಲಿ ಹುದ್ದೆಯನ್ನು ಸ್ವೀಕರಿಸಿದರು. ಹೀಗೆ ಫ್ರೆಂಚರ ಪಕ್ಷ ವಹಿಸಿದವರ ಗುಂಪಿನಲ್ಲಿ ಅನೇಕ ವಿದ್ಯಾವಂತರಿದ್ದರು. ೧೮೧೩ರಲ್ಲಿ ಫ್ರೆಂಚ್ ಸೇನೆ ಹಿಮ್ಮೆಟ್ಟಿದಾಗ ಇಂಥವರಿಗೆ ಸ್ಪೇನಿನಲ್ಲಿ ನೆಲೆಯಿಲ್ಲದಂತಾಯಿತು. ಸೋರ್ ಫ್ರಾನ್ಸಿಗೆ ವಲಸೆ ಹೋದರು.

ಲಂಡನ್ ಮತ್ತು ಮಾಸ್ಕೋ

೧೮೧೫ರಲ್ಲಿ ಲಂಡನ್‌ಗೆ ಬಂದ ಸೋರ್ ಅಲ್ಲಿ ವಾದಕರಾಗಿಯೂ ಗಾಯನ ಶಿಕ್ಷಕರಾಗಿಯೂ ಹೆಸರು ಗಳಿಸಿದರು. ೧೮೧೭ರಲ್ಲಿ ಅಲ್ಲಿನ ಫಿಲ್ಹಾರ್ಮೋನಿಕ್ ಸೊಸೈಟಿಯ ಕಛೇರಿಯಲ್ಲಿ ಗಿಟಾರ್ ನುಡಿಸಿದರು. ಮೊಜಾರ್ಟ್‌ರ ಒಪೆರಾ ಒಂದರ ರಾಗವನ್ನು ಆಧರಿಸಿ ರಚಿಸಿದ, ಇಂದು ಅವರ ಅತ್ಯಂತ ಪ್ರಸಿದ್ಧ ಗಿಟಾರ್ ಕೃತಿಯೆನಿಸಿರುವ ಒಂಬತ್ತನೆಯ ಕೃತಿ ೧೮೨೧ರಲ್ಲಿ ಲಂಡನ್ನಿನಲ್ಲಿಯೇ ಪ್ರಕಟವಾಯಿತು. ಅದನ್ನು ತಮ್ಮ ಸಹೋದರ ಕಾರ್ಲೋಸ್ ಅವರಿಗೆ ಅರ್ಪಿಸಿದ್ದಾರೆ. ೧೮೨೨ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ 'ಸಾಂದ್ರಿಯೋಂ' (ಸಿಂಡ್ರೆಲಾ) ಬ್ಯಾಲೆ ಮರುವರ್ಷ ಪ್ಯಾರಿಸ್ ಒಪೆರಾವನ್ನು ತಲುಪಿ, ಅಲ್ಲಿ ನೂರಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿತು.

೧೮೨೩ರಲ್ಲಿ ಸೋರ್ ನರ್ತಕಿ ಫೆಲಿಸಿತೆ ಯುಲಾಂ ಅವರೊಂದಿಗೆ ರಷ್ಯಾಕ್ಕೆ ಪ್ರಯಾಣಿಸಿದರು. ಯುಲಾಂ ಮಾಸ್ಕೋದ ಪ್ರಮುಖ ನರ್ತಕಿಯಾದರು. ೧೮೨೫ರ ಆರಂಭದಲ್ಲಿ ಹೊಸ ಬೊಲ್ಶೊಯ್ ರಂಗಮಂದಿರ ತೆರೆದ ಸಂದರ್ಭದಲ್ಲಿ ಸೋರ್ ಸಂಗೀತದ ಸಿಂಡ್ರೆಲಾ ಬ್ಯಾಲೆಯೂ ಪ್ರದರ್ಶನಗೊಂಡಿತು. ಆಗ ರಷ್ಯಾದಲ್ಲಿ ಜನಪ್ರಿಯವಾಗಿದ್ದುದು ಬೇರೆಯೇ ಶ್ರುತಿ ಕ್ರಮವುಳ್ಳ ಏಳು ತಂತಿಗಳ ಗಿಟಾರ್. ಆರು ತಂತಿಗಳ ಗಿಟಾರನ್ನು ನುಡಿಸುತ್ತಿದ್ದ ಸೋರ್ ಅಲ್ಲಿ ಕೇಳಿದ ಜನಪದ ರಾಗಗಳನ್ನು ತಮ್ಮೊಂದಿಗೆ ಒಯ್ದರು.

ವಾದ್ಯ ತಯಾರಕರೊಂದಿಗೆ ಒಡನಾಟ

ಸೋರ್ ಬದುಕಿದ ಕಾಲದಲ್ಲಿ ಗಿಟಾರಿನ ರಚನೆಯೇ ಮಾರ್ಪಡುತ್ತಿತ್ತು. ಸ್ಪೇನಿನಲ್ಲಿ ಬಳಕೆಯಲ್ಲಿದ್ದ ಆರು ಜೋಡಿ ತಂತಿಗಳ ಬದಲಿಗೆ ಆರು ಒಂಟಿ ತಂತಿಗಳು ಬಂದವು. ಸ್ಪೇನಿನ ಕಾದಿಸ್ ನಗರದ ತಯಾರಕರು ವಾದ್ಯದ ಮೇಲ್ಹಲಗೆಯ ಒಳಬದಿಗೆ ಬೀಸಣಿಗೆಯಂತೆ ಹರಡಿದ ತೆಳುವಾದ ಮರದ ಪಟ್ಟಿಗಳನ್ನು ಅಂಟಿಸುತ್ತಿದ್ದರು. ಫ್ರಾನ್ಸಿನ ಗಿಟಾರುಗಳಲ್ಲಿ ಸಾಮಾನ್ಯವಾಗಿ ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿ ಪಟ್ಟಿಗಳಿರುತ್ತಿದ್ದವು.

ತಾವು ಹೋದೆಡೆಯಲ್ಲೆಲ್ಲ ಸೋರ್ ತಯಾರಕರನ್ನು ಅರಸಿ, ವಾದ್ಯದ ಕುರಿತು ಅವರೊಡನೆ ಚರ್ಚಿಸುತ್ತಿದ್ದರು. ಲಂಡನ್ನಿನಲ್ಲಿ ಇಟಲಿ ಮೂಲದ ಪನೋರ್ಮೊ ಕುಟುಂಬದವರೊಬ್ಬರು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶ್ರೋಡರ್ ಎಂಬವರು ಸೋರ್ ಮಾರ್ಗದರ್ಶನದಲ್ಲಿ ಗಿಟಾರುಗಳನ್ನು ತಯಾರಿಸಿದರು. ಪ್ಯಾರಿಸ್ಸಿನ ರೆನೆ ಲಕೋಟ್ ಅವರ ಕೌಶಲವನ್ನೂ, ಸಕಾರಣವಾದ ಸಲಹೆಯನ್ನು ಒಪ್ಪಿಕೊಳ್ಳುವ ಅವರ ಗುಣವನ್ನೂ ಸೋರ್ ಮೆಚ್ಚಿ ಬರೆದಿದ್ದಾರೆ. ಪನೋರ್ಮೊ ಕುಟುಂಬದ ಲೂಯಿ ಪನೋರ್ಮೊ ಮುಂದೆ ಬೀಸಣಿಗೆ ಪಟ್ಟಿಗಳ ಸ್ಪ್ಯಾನಿಷ್ ಮಾದರಿಯ ಗಿಟಾರುಗಳಿಗೆ ಇಂಗ್ಲೆಂಡಿನಲ್ಲಿ ಪ್ರಸಿದ್ಧರಾದರು.

ಅಗುವಾಡೊ ಅವರೊಂದಿಗಿನ ಸ್ನೇಹ

ರಷ್ಯಾದಿಂದ ಹಿಂದಿರುಗಿದ ಸೋರ್ ಪ್ಯಾರಿಸ್ಸಿನಲ್ಲಿ ಕೊನೆಯವರೆಗೂ ನೆಲೆಸಿದರು. ಮ್ಯಾಡ್ರಿಡ್ ಮೂಲದ ಗಿಟಾರ್ ವಾದಕ ಡಿಯೊನಿಸಿಯೊ ಅಗುವಾಡೊ (೧೭೮೪–೧೮೪೯) ಅವರೂ ಅದೇ ಸುಮಾರಿಗೆ ಅಲ್ಲಿಗೆ ಬಂದರು. ಇಬ್ಬರೂ ಕೆಲಕಾಲ ಒಂದೇ ವಸತಿಗೃಹದಲ್ಲಿ ವಾಸವಾಗಿದ್ದರು.

ವಾದನ ಕ್ರಮದಲ್ಲಿ ಅವರಿಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಸೋರ್ ಉಗುರು ತಾಗದಂತೆ ಬೆರಳ ತುದಿಯ ಮಾಂಸಲ ಭಾಗದಿಂದ ತಂತಿಯನ್ನು ಮೀಟುತ್ತಿದ್ದರು. ಉಗುರಿನಿಂದ ಹೊರಡುವ ನಾದ ಅವರಿಗೆ ಸಹ್ಯವಾಗುತ್ತಿರಲಿಲ್ಲ. ಅಗುವಾಡೊ ಉಗುರಿನಿಂದಲೇ ನುಡಿಸುತ್ತಿದ್ದರು. ವೇಗ ಮತ್ತು ಸ್ಪಷ್ಟತೆ ಅವರ ವಾದನದ ವೈಶಿಷ್ಟ್ಯಗಳಾಗಿದ್ದವು. ಈ ವಿಷಯದಲ್ಲಿ ಸೋರ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಳ್ಳಲಿಲ್ಲವಾದರೂ ಅಗುವಾಡೊ ಅವರ ವಾದನವನ್ನು ಅಪವಾದವೆಂದು ಮನ್ನಿಸಿದರು. ಇಬ್ಬರೂ ಕೂಡಿ ನುಡಿಸಲೆಂದು 'ಇಬ್ಬರು ಗೆಳೆಯರು' ಎಂಬ ಅರ್ಥದ ಫ್ರೆಂಚ್ ಶೀರ್ಷಿಕೆಯ ಯುಗಳ ಕೃತಿಯನ್ನು (ಕೃತಿ ಸಂಖ್ಯೆ ೪೧) ರಚಿಸಿ, ಅಗುವಾಡೊ ಅವರಿಗೆ ಅರ್ಪಿಸಿದರು.

ವಾದಕನ ದೇಹ ತಗುಲಿ ಗಿಟಾರಿನ ಕಂಪನ ಕುಗ್ಗದಿರಲೆಂದು ಅಗುವಾಡೊ ವಾದ್ಯವನ್ನು ಹಿಡಿದಿಡುವ ಮೂರು ಕಾಲಿನ ಆಧಾರವೊಂದನ್ನು ರೂಪಿಸಿದ್ದರು. ಗೆಳತಿಯೊಬ್ಬರ ಮರಣದ ಶೋಕದಲ್ಲಿ ರಚಿಸಿದ ಐವತ್ತೊಂಬತ್ತನೆಯ ಕೃತಿಯನ್ನು ನುಡಿಸಲು ಸೋರ್ ಈ ಸಾಧನವನ್ನೇ ಅವಲಂಬಿಸಿ, ಅದರ ಉಪಯುಕ್ತತೆಯನ್ನು ಮುಕ್ತವಾಗಿ ಒಪ್ಪಿಕೊಂಡರು.

ಬೋಧನೆ ಮತ್ತು ಗ್ರಂಥ

ಸೋರ್ ಅವರ ಗಿಟಾರ್ ಬೋಧನಾ ಗ್ರಂಥ ೧೮೩೦ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ೧೮೩೨ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು. ಅಭ್ಯಾಸ ಪಾಠಗಳಿಗಿಂತ ವಿವರಣೆಗೆ ಹೆಚ್ಚು ಸ್ಥಳ ನೀಡಿರುವುದು ಈ ಗ್ರಂಥದ ವಿಶೇಷ. ವಾದ್ಯವನ್ನು ಹಿಡಿಯುವ ಬಗೆ, ಕೈಬೆರಳುಗಳ ನಿಲುವು, ನಾದದ ಗುಣ ಮುಂತಾದ ಪ್ರತಿಯೊಂದು ನಿಯಮಕ್ಕೂ ಅವರು ಕಾರಣವನ್ನು ನೀಡುತ್ತಾರೆ. ಬಲಗೈಯಲ್ಲಿ ಮುಖ್ಯವಾಗಿ ಹೆಬ್ಬೆರಳು, ತೋರುಬೆರಳು ಮತ್ತು ಮಧ್ಯದ ಬೆರಳುಗಳನ್ನು ಬಳಸುವುದು ಅವರ ಕ್ರಮವಾಗಿತ್ತು. ಶಿಷ್ಯ ರಾಗವನ್ನೂ ಗುರು ಅದರ ಜೊತೆಯನ್ನೂ ನುಡಿಸುವಂತೆ ರಚಿಸಿದ 'ಪ್ರೋತ್ಸಾಹ' ಎಂಬರ್ಥದ ಯುಗಳ ಕೃತಿಯೂ (ಕೃತಿ ಸಂಖ್ಯೆ ೩೪) ಅವರ ಬೋಧನಾಸಕ್ತಿಗೆ ನಿದರ್ಶನವಾಗಿದೆ.

ಕೊನೆಯ ದಿನಗಳು

೧೮೩೭ರಲ್ಲಿ ಮಗಳು ತೀರಿಕೊಂಡಾಗ ಸೋರ್ ಆಕೆಯ ಸ್ಮರಣೆಗಾಗಿ ಪ್ರಾರ್ಥನಾ ಸಂಗೀತವನ್ನು ರಚಿಸಿದರು. ಅವರ ಕೊನೆಯ ಗಿಟಾರ್ ಕೃತಿಗಳಲ್ಲೊಂದಾದ 'ರಷ್ಯಾದ ನೆನಪು' (ಕೃತಿ ಸಂಖ್ಯೆ ೬೩) ಎರಡು ಗಿಟಾರುಗಳಿಗಾಗಿ ರಚಿತವಾಗಿದ್ದು, ರಷ್ಯಾದ ಜನಪದ ರಾಗಗಳನ್ನು ಆಧರಿಸಿದೆ. ಅದನ್ನು ಫ್ರೆಂಚ್ ಶಿಷ್ಯ ನೆಪೋಲಿಯನ್ ಕೋಸ್ತ್ (೧೮೦೫–೧೮೮೩) ಅವರಿಗೆ ಅರ್ಪಿಸಿ, ೧೮೩೮ರಲ್ಲಿ ಅವರೊಡನೆ ನುಡಿಸಿದರು. ೧೮೩೯ರ ಜುಲೈ ೧೦ರಂದು ಕ್ಯಾನ್ಸರ್ ಕಾಯಿಲೆಯಿಂದ ಪ್ಯಾರಿಸ್ಸಿನಲ್ಲಿ ನಿಧನರಾದರು. ಮಾಂಮಾರ್ತ್ರ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪ್ರಭಾವ

ಸೋರ್ ಅವರ ಮರಣಾನಂತರ ಕೋಸ್ತ್ ಗುರುವಿನ ಬೋಧನಾ ಗ್ರಂಥವನ್ನು ಪರಿಷ್ಕರಿಸಿ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಪ್ರಸಿದ್ಧ ವಾದಕ ಆಂದ್ರೆಸ್ ಸೆಗೋವಿಯಾ ೧೯೪೫ರಲ್ಲಿ ಸೋರ್ ಅವರ ಇಪ್ಪತ್ತು ಅಭ್ಯಾಸ ಕೃತಿಗಳನ್ನು ಆಯ್ದು ಪ್ರಕಟಿಸಿದ ಬಳಿಕ ಅವು ವಿವಿಧ ದೇಶಗಳ ವಿದ್ಯಾರ್ಥಿಗಳನ್ನು ತಲುಪಿದವು. ಉಗುರಿನ ವಿಷಯದಲ್ಲಿ ಕಾಲವು ಅಗುವಾಡೊ ಅವರ ಪಕ್ಷ ವಹಿಸಿದೆ. ಇಂದಿನ ಶಾಸ್ತ್ರೀಯ ಗಿಟಾರ್ ವಾದಕರಲ್ಲಿ ಹೆಚ್ಚಿನವರು ಉಗುರನ್ನು ಬಳಸಿಯೇ ಸೋರ್ ಅವರ ಕೃತಿಗಳನ್ನು ನುಡಿಸುತ್ತಾರೆ.